ಕ್ರಾಫ್ಟ್ ಮಾಡಿಸಿದರೆ ಮಕ್ಕಳಿಗೆ ಕಥೆ ನೆನಪಿರುತ್ತಾ, ಬರೀ ಅಂಟು ನೆನಪಿರುತ್ತಾ?

ಹೊಸ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ವರ್ಷ ಸಂಡೇ ಸ್ಕೂಲ್‌ನಲ್ಲಿ ಚಿಕ್ಕ ಮಕ್ಕಳ ತರಗತಿ ನನ್ನ ಪಾಲಿಗೆ ಬಂದಿದೆ. 4 ವರ್ಷದವರಿಂದ 11 ವರ್ಷದವರ ತನಕ ಎಲ್ಲರೂ ಒಂದೇ ಕೋಣೆಯಲ್ಲಿ. ಇರುವುದು ಒಂದು ಗಂಟೆ. ಹಾಡು, ಪ್ರಾರ್ಥನೆ, ಹಾಜರಿ ಮುಗಿಯುವಷ್ಟರಲ್ಲಿ ಅದರಲ್ಲೂ ಒಂದಿಷ್ಟು ಹೋಗಿರುತ್ತದೆ. ಉಳಿದದ್ದರಲ್ಲೇ ಪಾಠ, ಅದರಲ್ಲೇ ಕ್ರಾಫ್ಟ್.

ಮಕ್ಕಳಿಗೆ ಕ್ರಾಫ್ಟ್ ಅಂದ್ರೆ ಪ್ರಾಣ. ಅದರಲ್ಲಿ ಅನುಮಾನವೇ ಇಲ್ಲ. ಆದರೆ ಮುಂದಿನ ವಾರ "ಹೋದ ಸಲ ಏನು ಕಲಿತಿರಿ?" ಅಂತ ಕೇಳಿದರೆ "ಹತ್ತಿ ಅಂಟಿಸಿದ್ವಿ!" ಅನ್ನುತ್ತಾರೆ. ಯಾಕೆ ಹತ್ತಿ? "ಕುರಿಗೆ." ಯಾವ ಕುರಿ? ಅಷ್ಟಕ್ಕೆ ಎಲ್ಲರೂ ಗಪ್‌ಚುಪ್. ಕಳೆದುಹೋದ ಕುರಿ, ಅದನ್ನು ಹುಡುಕಿಕೊಂಡು ಹೋದ ಕುರುಬ, ಹೆಗಲ ಮೇಲೆ ಹೊತ್ತು ತಂದ ಸಂತೋಷ, ಇದ್ಯಾವುದೂ ತಲೆಯಲ್ಲಿ ಉಳಿದಿಲ್ಲ. ಯೋನನ ಪಾಠದಲ್ಲೂ ಹೀಗೇ ಆಯಿತು. ಕಾಗದದ ಮೀನು ಎಲ್ಲರದ್ದೂ ತುಂಬಾ ಚೆನ್ನಾಗಿ ಬಂತು. ದೇವರು ಯೋನನಿಗೆ ಹೋಗು ಅಂದ ನಿನೆವೆ ಪಟ್ಟಣದ ಹೆಸರು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ.

ಜೊತೆಗಿರುವ ಟೀಚರ್ ಒಬ್ಬರು "ಕ್ರಾಫ್ಟ್ ಇರುವುದು ಆರಾಧನೆ ಮುಗಿಯುವ ತನಕ ಮಕ್ಕಳನ್ನು ಕೂರಿಸುವುದಕ್ಕೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ" ಅಂದರು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಇಷ್ಟು ಆಸೆಯಿಂದ ಕೈ ಹಾಕುವ ಕೆಲಸದಲ್ಲಿ ಪಾಠ ಯಾಕೆ ಒಳಗೆ ಇಳಿಯಬಾರದು?

ಅನುಭವ ಇರುವವರು ದಯವಿಟ್ಟು ಹೇಳಿ. ಯಾವ ಕಥೆಗೆ ಯಾವ ಕ್ರಾಫ್ಟ್ ಅಂತ ಹೇಗೆ ಆರಿಸುತ್ತೀರಿ? ಕಥೆ ಮೊದಲೋ, ಕ್ರಾಫ್ಟ್ ಮೊದಲೋ? ಇಷ್ಟು ವಯಸ್ಸಿನ ಅಂತರ ಇರುವವರನ್ನು ಒಟ್ಟಿಗೆ ಹೇಗೆ ಸಂಭಾಳಿಸುತ್ತೀರಿ?

ರಟ್ಟು-ದಾರ ಬರೆದದ್ದು:

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮಕ್ಕಳನ್ನು ಸುಮ್ನೆ ಕೂರಿಸುವುದಕ್ಕೆ ಕ್ರಾಫ್ಟ್ ಅನ್ನುವ ಮಾತನ್ನು ನಾನೂ ಒಪ್ಪುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೊದಲ ಮಾತು. ಕಥೆಯಲ್ಲಿ ಏನಿದೆ ಅಂತ ನೋಡಿ ಕ್ರಾಫ್ಟ್ ಆರಿಸಬೇಡಿ. ಕಥೆ ಎಲ್ಲಿ ತಿರುಗುತ್ತದೆ ಅಂತ ನೋಡಿ ಆರಿಸಿ. ಕುರಿ ಇದೆ ಅಂತ ಕುರಿ, ಮೀನು ಇದೆ ಅಂತ ಮೀನು ಮಾಡಿಸಿದರೆ ಮಗು ಮಾಡಿದ್ದು ಒಂದು ಪ್ರಾಣಿಯನ್ನು, ಅಷ್ಟೇ. ಕಥೆಯಲ್ಲಿ ಯಾರೋ ಒಬ್ಬರು ಏನನ್ನೋ ಮಾಡುತ್ತಾರಲ್ಲ, ಹುಡುಕುತ್ತಾರೆ, ಬಿಟ್ಟುಕೊಡುತ್ತಾರೆ, ಇಳಿಸುತ್ತಾರೆ, ತೆರೆಯುತ್ತಾರೆ, ಆ ಕೆಲಸವನ್ನು ಮಗುವಿನ ಕೈ ಮಾಡಬೇಕು.

ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬೈಬಲಿನ ಮಾರ್ಕ 2ನೇ ಅಧ್ಯಾಯದ ಕಥೆ. ಕಪೆರ್ನೌಮಿನಲ್ಲಿ ಯೇಸು ಇದ್ದ ಮನೆ, ಬಾಗಿಲ ತನಕ ಜನ, ನಡೆಯಲಾರದ ಒಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ, ಒಳಗೆ ಹೋಗಲು ದಾರಿ ಇಲ್ಲ, ಮಾಡು, ಅಂದ್ರೆ ಚಾವಣಿ, ಬಿಚ್ಚಿ ಹಾಸಿಗೆ ಸಮೇತ ಕೆಳಗೆ ಇಳಿಸುತ್ತಾರೆ. ಇದಕ್ಕೆ ಬೇಕಾಗಿರುವುದು ಒಂದು ಶೂ ಡಬ್ಬ, ಒಂದು ಬಟ್ಟೆ ಚೂರು, ನಾಲ್ಕು ತುಂಡು ದಾರ. ಡಬ್ಬವೇ ಮನೆ. ಮುಚ್ಚಳವೇ ಮಾಡು. ಬಟ್ಟೆಯ ನಾಲ್ಕು ಮೂಲೆಗೆ ನಾಲ್ಕು ದಾರ ಕಟ್ಟಿಸಿ. ಮೇಲೆ ಮಲಗಿಸಲು ಜೇಡಿಮಣ್ಣಿನಲ್ಲೋ ಕಾಗದದಲ್ಲೋ ಒಬ್ಬ ಮನುಷ್ಯ. ಒಂದು ಡಬ್ಬಕ್ಕೆ ನಾಲ್ಕೇ ಮಕ್ಕಳು, ಒಬ್ಬೊಬ್ಬರ ಕೈಗೆ ಒಂದೊಂದು ದಾರ.

ಈಗ ಮಾಡು ಬಿಚ್ಚಿ ಇಳಿಸಿ ಅನ್ನಿ. ಏನಾಗುತ್ತದೆ ಗೊತ್ತಾ? ಒಬ್ಬ ಬೇಗ ಬಿಡುತ್ತಾನೆ. ಇನ್ನೊಬ್ಬಳು ಬಿಗಿಯಾಗಿ ಹಿಡಿದಿರುತ್ತಾಳೆ. ಹಾಸಿಗೆ ಓರೆಯಾಗಿ ಮನುಷ್ಯ ಜಾರಿ ಬೀಳುತ್ತಾನೆ. "ನೀನು ಬೇಗ ಬಿಟ್ಟೆ", "ನೀನು ಬಿಡಲೇ ಇಲ್ಲ" ಅಂತ ಗಲಾಟೆ ಶುರುವಾಗುತ್ತದೆ. ಆಗ ನಾನು ಬಾಯಿ ಹಾಕುವುದಿಲ್ಲ. ಎರಡು ಮೂರು ಸಲ ಬಿದ್ದ ಮೇಲೆ ಗುಂಪಿನಲ್ಲಿ ಒಬ್ಬರು ತಾವಾಗಿಯೇ "ಎಲ್ಲರೂ ನನ್ನನ್ನೇ ನೋಡಿ, ಒಂದು ಅಂದ ಕೂಡಲೇ ಸ್ವಲ್ಪ ಬಿಡಿ, ಎರಡು ಅಂದರೆ ಇನ್ನೂ ಸ್ವಲ್ಪ" ಅನ್ನುತ್ತಾರೆ. ಹಾಸಿಗೆ ಸಮನಾಗಿ ಇಳಿದು ನೆಲ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಕೋಣೆಯಲ್ಲಿ ಪೂರ್ತಿ ಮೌನ. ಎಲ್ಲರ ಕಣ್ಣೂ ಆ ಬಟ್ಟೆ ಚೂರಿನ ಮೇಲೆ.

ಆಗ ನಾನು 5ನೇ ವಚನ ಓದುತ್ತೇನೆ. ಯೇಸು ನೋಡಿದ್ದು "ಅವರ" ನಂಬಿಕೆಯನ್ನು. ಮಲಗಿದ್ದವನೊಬ್ಬನ ನಂಬಿಕೆಯನ್ನಲ್ಲ. ದಾರ ಹಿಡಿದ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಒಬ್ಬ ಹುಡುಗ "ಹಾಗಾದ್ರೆ ನಾಲ್ಕು ಜನರಲ್ಲಿ ಒಬ್ಬ ಬರದೇ ಇದ್ದಿದ್ದರೆ?" ಅಂತ ಕೇಳಿದ. ಅದೇ ನನ್ನ ಪಾಠದ ಉಳಿದ ಭಾಗವಾಯಿತು.

ಇಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ಕ್ರಾಫ್ಟ್ ಕಥೆಗಿಂತ ಮೊದಲು. ವಸ್ತು ಮೊದಲು ತಯಾರಾಗಲಿ, ಆಮೇಲೆ ಅದನ್ನೇ ಕೈಯಲ್ಲಿ ಹಿಡಿದು ಕಥೆ ನಡೆಯಲಿ. ಕಥೆ ಮುಗಿಸಿ ಆಮೇಲೆ ಮಾಡಿಸಿದರೆ ಅಂಟು ಒಣಗುವಷ್ಟರಲ್ಲಿ ಮನೆಗೆ ಹೋಗುವ ಗಡಿಬಿಡಿ ಶುರುವಾಗಿರುತ್ತದೆ. ಮಗುವಿನ ಮನಸ್ಸು ಬಣ್ಣದ ಕಡೆ ಹೋಗಿ ಕಥೆ ಹಿಂದೆ ಉಳಿಯುತ್ತದೆ. ಮೊದಲು ಮಾಡಿಸಿದರೆ "ಇದು ಯಾಕೆ? ನಾಲ್ಕು ದಾರ ಯಾಕೆ?" ಅಂತ ಅವರೇ ಕೇಳುತ್ತಾ ಕೂತಿರುತ್ತಾರೆ. ಕಥೆ ಬಂದಾಗ ಅದು ಅವರು ಕಾದಿದ್ದ ಉತ್ತರ.

ಹೀಗೆ ಕೇಳಿಸುವುದು ಹೊಸ ಉಪಾಯವೇನೂ ಅಲ್ಲ. ಯೆಹೋಶುವ 4ನೇ ಅಧ್ಯಾಯ ತೆಗೆಯಿರಿ. ಇಸ್ರಾಯೇಲ್ಯರು ಯೊರ್ದನ್ ದಾಟಿದಾಗ 12 ಕುಲದಿಂದ 12 ಜನ ಹೊಳೆಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದರು. ಯಾಕೆ? ಮುಂದೆ ಮಕ್ಕಳು "ಈ ಕಲ್ಲುಗಳು ಯಾಕೆ?" ಅಂತ ಕೇಳಲಿ ಅಂತ. ಕಲ್ಲು ಮೊದಲು, ಪ್ರಶ್ನೆ ಆಮೇಲೆ, ಕಥೆ ಕೊನೆಗೆ. ನಾನು ಪಾಠ ತಯಾರಿ ಮಾಡುವಾಗ ಇದೊಂದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ಮಗು ಇದನ್ನು ಮನೆಗೆ ಒಯ್ದಾಗ ಅಜ್ಜಿಯೋ ಅಣ್ಣನೋ "ಇದೇನು?" ಅಂದರೆ, ಕೈಯಲ್ಲಿರುವುದನ್ನು ಆಡಿಸಿ ತೋರಿಸುತ್ತಲೇ ಕಥೆ ಹೇಳಲು ಆಗುತ್ತದಾ? ಆಗದಿದ್ದರೆ ಎಷ್ಟೇ ಚಂದ ಇದ್ದರೂ ಬಿಡುತ್ತೇನೆ.

ಇನ್ನು ನೋಹನ ನಾವೆ. ಇದನ್ನು ಎಲ್ಲರೂ ಮಾಡಿಸುತ್ತಾರೆ. ಗುಂಡಗಿನ ದೋಣಿ, ಮೇಲೊಂದು ಮನೆ, ಕಿಟಕಿಯಿಂದ ಕತ್ತು ಚಾಚಿದ ಜಿರಾಫೆ. ಆದರೆ ಆದಿಕಾಂಡ 6ರಲ್ಲಿ ಅಳತೆ ಕೊಟ್ಟಿದೆ, ಅಲ್ವಾ? 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. 10 ಮೊಳಕ್ಕೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ 30 ಸೆಂಟಿಮೀಟರ್ ಉದ್ದ, 5 ಅಗಲ, 3 ಎತ್ತರ. ಒಂದು ಸ್ಕೇಲಿನ ಉದ್ದದ ಸಣಕಲು ಪೆಟ್ಟಿಗೆ. ದೊಡ್ಡ ಮಕ್ಕಳಿಗೆ ರಟ್ಟು ಕೊಟ್ಟು ಅಳೆದು ಕತ್ತರಿಸಲು ಹೇಳಿ. ಮೂರು ಅಂತಸ್ತು, ಪಕ್ಕದಲ್ಲಿ ಒಂದೇ ಬಾಗಿಲು. ಮಾಡಿ ಮುಗಿಸಿದವರು "ಇದು ದೋಣಿ ಥರ ಇಲ್ಲವಲ್ಲ, ಚುಕ್ಕಾಣಿ ಎಲ್ಲಿ?" ಅನ್ನುತ್ತಾರೆ. ವಾಕ್ಯದಲ್ಲಿ ಚುಕ್ಕಾಣಿಯ ಮಾತೂ ಇಲ್ಲ, ಹಾಯಿಯ ಮಾತೂ ಇಲ್ಲ. ನೋಹ ಅದನ್ನು ಎಲ್ಲಿಗೂ ನಡೆಸಿಕೊಂಡು ಹೋಗಲಿಲ್ಲ. ಆಮೇಲೆ ಬಾಗಿಲು. ಅದನ್ನು ಹೊರಗಿನಿಂದ ಮುಚ್ಚುವ ಹಾಗೆ ಮಾಡಿಸುತ್ತೇನೆ. ಆದಿಕಾಂಡ 7:16ರಲ್ಲಿ ಬಾಗಿಲು ಮುಚ್ಚಿದ್ದು ನೋಹನಲ್ಲ, ಕರ್ತನು. ಆ ಪುಟ್ಟ ರಟ್ಟಿನ ಬಾಗಿಲನ್ನು ತಾವೇ ಮುಚ್ಚುವಾಗ 5 ವರ್ಷದವರಿಗೂ ಇದು ಅರ್ಥವಾಗುತ್ತದೆ: ಒಳಗಿದ್ದವರನ್ನು ಕಾಪಾಡಿದ್ದು ದೇವರು.

ಯೋಸೇಫನ ನಿಲುವಂಗಿಗೂ ಇದೇ ಲೆಕ್ಕ. ಬಣ್ಣದ ಕಾಗದದ ಪಟ್ಟಿ ಅಂಟಿಸಿ ಅಂಗಿ ಮಾಡಿಸಿ ಮನೆಗೆ ಕಳಿಸಿದರೆ ಮಕ್ಕಳಿಗೆ ಉಳಿಯುವುದು ಅಂಗಿ ಮಾತ್ರ. ಕಥೆಯಲ್ಲಿ ಅಣ್ಣಂದಿರು ಆ ಅಂಗಿಯನ್ನು ಕಿತ್ತುಕೊಂಡು, ಹೋತದ ರಕ್ತದಲ್ಲಿ ಅದ್ದಿ, ತಂದೆ ಯಾಕೋಬನ ಮುಂದೆ ತಂದಿಟ್ಟರಲ್ಲ, ಅಲ್ಲಿದೆ ನೋವು. ದೊಡ್ಡ ಮಕ್ಕಳು ಅಂಗಿ ಮುಗಿಸಿದ ಮೇಲೆ ನಾನು ಒಂದು ತಟ್ಟೆಯಲ್ಲಿ ಕೆಂಪು ಬಣ್ಣ ಇಡುತ್ತೇನೆ. ಯಾರಿಗೂ ಬಲವಂತ ಇಲ್ಲ. ಒಬ್ಬ ಹುಡುಗಿ ತನ್ನ ಅಂಗಿಯನ್ನು ಎದೆಗೆ ಒತ್ತಿಕೊಂಡು "ಇದನ್ನು ಹಾಳು ಮಾಡಲ್ಲ, ನಾನೇ ಮಾಡಿದ್ದು" ಅಂದಳು. ಯಾಕೋಬನಿಗೆ ಹೇಗಾಗಿರಬೇಕು ಅಂತ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಇದನ್ನು 8 ವರ್ಷ ದಾಟಿದವರಿಗೆ ಮಾತ್ರ ಇಟ್ಟುಕೊಳ್ಳಿ. ಚಿಕ್ಕವರು ನಿಜವಾಗಿಯೂ ಅತ್ತುಬಿಡುತ್ತಾರೆ.

ನಿಮ್ಮ ಯೋನನ ವಿಷಯಕ್ಕೆ ಬರುತ್ತೇನೆ. ಮೀನನ್ನು ಬಿಡಬೇಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಪುಸ್ತಕದಲ್ಲಿ 4 ಅಧ್ಯಾಯ ಇದೆ. ಮೀನು ಎರಡನೆಯದು ಮುಗಿಯುವಾಗಲೇ ಹೊರಟುಹೋಗುತ್ತದೆ. ಕೊನೆಯಲ್ಲಿ ಇರುವುದು ಒಂದು ಗಿಡ. ಯೋನನಿಗೆ ನೆರಳು ಕೊಟ್ಟ ಗಿಡ, ಮಾರನೆಯ ದಿನ ಹುಳ ಹೊಡೆದು ಒಣಗಿದ ಗಿಡ. ಗಿಡ ಹೋಯಿತು ಅಂತ ಯೋನನಿಗೆ ಕೋಪ. ಆಗ ದೇವರು ಕೇಳುತ್ತಾನೆ, 1,20,000ಕ್ಕಿಂತ ಹೆಚ್ಚು ಜನ, ಅಷ್ಟೊಂದು ಪ್ರಾಣಿಗಳು ಇರುವ ನಿನೆವೆಯ ಬಗ್ಗೆ ನಾನು ಮರುಗಬಾರದಾ ಅಂತ. ಪುಸ್ತಕ ಆ ಪ್ರಶ್ನೆಯಲ್ಲೇ ನಿಲ್ಲುತ್ತದೆ. ನಾನು ಒಂದು ಉದ್ದನೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿಸುತ್ತೇನೆ. ಹಡಗು, ಮೀನು, ಪಟ್ಟಣ, ಗಿಡ. ಗಿಡದ ಎಲೆ ಹಸಿರು ಕಾಗದದ್ದು, ತೆಗೆದು ಹಾಕುವ ಹಾಗೆ ಇರಬೇಕು. ಪಟ್ಟಣದಲ್ಲಿ ಮಾತ್ರ ಪ್ರತಿ ಕಿಟಕಿಯಲ್ಲೂ ಒಂದು ಮುಖ ಬರೆಯಲು ಹೇಳುತ್ತೇನೆ. ಎಷ್ಟು ಸಾಧ್ಯವೋ ಅಷ್ಟು. ಬರೆದು ಬರೆದು ಕೈ ಸೋತ ಮಕ್ಕಳಿಗೆ ಆ ಸಂಖ್ಯೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಎಲೆ ಕಿತ್ತ ಮೇಲೆ ಎರಡನ್ನೂ ಅಕ್ಕಪಕ್ಕ ನೋಡುತ್ತಾರೆ. ಒಂದು ಗಿಡ, ಅಷ್ಟೊಂದು ಮುಖ.

ವಯಸ್ಸಿನ ವಿಷಯ ಬೇರೆಯವರೂ ಹೇಳಲಿ, ಆಮೇಲೆ ಬರುತ್ತೇನೆ.

ಮೂವರ ಅಮ್ಮ ಬರೆದದ್ದು:

ನಾನು ತರಗತಿ ತೆಗೆದುಕೊಳ್ಳುವವಳಲ್ಲ. ಮನೆಯಲ್ಲಿ ನನ್ನ ಮೂರು ಮಕ್ಕಳ ಜೊತೆ ಮಾಡುವುದು. ಚಿಕ್ಕವನಿಗೆ ಈಗ 4. ಅವನ ವಯಸ್ಸಿನವರ ಪರವಾಗಿ ಒಂದೆರಡು ಮಾತು.

4 ವರ್ಷದ ಮಗುವಿಗೆ ಕತ್ತರಿ ಹಿಡಿದು ಗೆರೆಯ ಮೇಲೆ ಕತ್ತರಿಸುವುದೇ ದೊಡ್ಡ ಸಾಹಸ. ಎಷ್ಟೋ ಕಡೆ ಕ್ರಾಫ್ಟ್ ಅಂತ ಕೊಡುವುದು ದೊಡ್ಡವರು ಮಾಡಬೇಕಾದ ಕೆಲಸ. ಕೊನೆಗೆ ಟೀಚರೇ ಎಲ್ಲ ಮಾಡಿ ಮಗುವಿನ ಹೆಸರು ಬರೆದು ಕಳಿಸುತ್ತಾರೆ. ಅಂಥದ್ದು ಮನೆಗೆ ಬಂದಾಗ ನನ್ನ ಮಗ ಅದನ್ನು ತಿರುಗಿಯೂ ನೋಡುವುದಿಲ್ಲ. ಅವನೇ ಹರಿದು ಅಂಟಿಸಿದ್ದು, ಸೊಟ್ಟಗಿದ್ದರೂ, ದಿಂಬಿನ ಪಕ್ಕದಲ್ಲಿ ಇರಬೇಕು. ಚಿಕ್ಕವರಿಗೆ ಹರಿಯುವುದು, ಮುದ್ದೆ ಮಾಡುವುದು, ಒತ್ತುವುದು, ಅಂಟಿಸುವುದು ಇಷ್ಟೇ ಸಾಕು. ಕತ್ತರಿಸುವ ಕೆಲಸ ಇದ್ದರೆ ಮೊದಲೇ ಕತ್ತರಿಸಿ ಇಡಿ. ಅಂಟಿಸುವಾಗ ಸೊಟ್ಟಗಾದರೆ ಸರಿ ಮಾಡಲು ಹೋಗಬೇಡಿ, ದಯವಿಟ್ಟು.

ನಮ್ಮ ಮನೆಯಲ್ಲಿ ತುಂಬಾ ನಡೆಯುವುದು ಲೂಕ 15ರ ಕಳೆದುಹೋದ ನಾಣ್ಯ. ಒಬ್ಬ ಹೆಂಗಸಿನ ಹತ್ತಿರ 10 ಬೆಳ್ಳಿ ನಾಣ್ಯ, ಒಂದು ಕಳೆದುಹೋಗುತ್ತದೆ. ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ರಟ್ಟನ್ನು ಗುಂಡಗೆ ಕತ್ತರಿಸಿ ಕೊಡುತ್ತೇನೆ, ಮಕ್ಕಳು ಬೆಳ್ಳಿ ಬಣ್ಣದ ಹಾಳೆ ಸುತ್ತುತ್ತಾರೆ. ಚಿಕ್ಕವನು ಬೆರಳಲ್ಲಿ ಉಜ್ಜಿ ಉಜ್ಜಿ ಸುಕ್ಕು ತೆಗೆಯುತ್ತಾನೆ, ಹೊಳೆಯುವ ತನಕ ಬಿಡುವುದಿಲ್ಲ. ಆಮೇಲೆ ನಾನು ಒಂದನ್ನು ಬಚ್ಚಿಡುತ್ತೇನೆ. ಕೋಣೆಯ ದೀಪ ಆರಿಸಿ ಕೈಗೆ ಟಾರ್ಚ್ ಕೊಡುತ್ತೇನೆ. "9 ಇದೆಯಲ್ಲ, ಸಾಕು ಬಿಡು" ಅಂತ ಬೇಕಂತಲೇ ಹೇಳಿ ನೋಡಿ. ಚಿಕ್ಕವನು "ಇಲ್ಲ! ಅದೂ ನಂದೇ!" ಅಂತ ಕೂಗಿದ. ದೇವರು ನಮ್ಮ ಬಗ್ಗೆ ಹೀಗೇ ಅನ್ನುತ್ತಾನೆ ಅಂತ ಅವನಿಗೆ ಹೇಳಲು ನನಗೆ ಇನ್ನೇನೂ ಬೇಕಾಗಲಿಲ್ಲ.

ಕಥೆಯಲ್ಲಿ ಆ ಹೆಂಗಸು ಗೆಳತಿಯರನ್ನೂ ನೆರೆಹೊರೆಯವರನ್ನೂ ಕರೆದು ಸಂತೋಷಪಡುತ್ತಾಳೆ. ಈ ಭಾಗವನ್ನು ಬಿಡಬೇಡಿ. ನಾಣ್ಯ ಸಿಕ್ಕ ಕೂಡಲೇ ನನ್ನ ಮಕ್ಕಳು ಅಪ್ಪನನ್ನು ಕೂಗಿ ಕರೆಯುತ್ತಾರೆ.

ದೀಪಸ್ತಂಭ ಬರೆದದ್ದು:

ಸ್ವಲ್ಪ ಬೇರೆ ಅಭಿಪ್ರಾಯ ನನ್ನದು, ಬೇಸರ ಮಾಡಿಕೊಳ್ಳಬೇಡಿ. ನಾನು 10 ವರ್ಷ ಮೇಲ್ಪಟ್ಟವರಿಗೆ ಕಲಿಸುತ್ತೇನೆ. ಅವರಿಗೆ ಬಣ್ಣದ ಕಾಗದ ಕೊಟ್ಟರೆ ಮುಖ ತಿರುಗಿಸುತ್ತಾರೆ. ತಮ್ಮನ್ನು ಚಿಕ್ಕ ಮಕ್ಕಳ ಥರ ನೋಡುತ್ತಿದ್ದಾರೆ ಅಂತ ಅವರಿಗೆ ಕೂಡಲೇ ತಿಳಿಯುತ್ತದೆ. ಅವರಿಗೆ ಬೇಕಾಗಿರುವುದು ನಿಜವಾಗಿ ಕೆಲಸ ಮಾಡುವ ವಸ್ತು.

ಒಂದು ಉದಾಹರಣೆ ಕೊಡುತ್ತೇನೆ. ಅಪೊಸ್ತಲರ ಕೃತ್ಯಗಳು 27, ಅಪೊಸ್ತಲ ಪೌಲ ಹೋಗುತ್ತಿದ್ದ ಹಡಗು ಒಡೆದ ಕಥೆ. ಹದಿನಾಲ್ಕನೇ ರಾತ್ರಿ, ಕತ್ತಲೆ, 276 ಜನ ಹಡಗಿನಲ್ಲಿ. ನೆಲ ಹತ್ತಿರ ಬಂತು ಅನ್ನಿಸಿ ನಾವಿಕರು ಹಗ್ಗಕ್ಕೆ ಕಟ್ಟಿದ ಗುಂಡು ಇಳಿಸಿ ಆಳ ನೋಡುತ್ತಾರೆ. 20 ಮಾರು. ಸ್ವಲ್ಪ ಮುಂದೆ ಹೋಗಿ ಮತ್ತೆ ನೋಡಿದರೆ 15 ಮಾರು. ಬಂಡೆಗೆ ಬಡಿಯುವ ಭಯದಿಂದ ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟು ಬೆಳಗಾಗಲಿ ಅಂತ ಹಾರೈಸುತ್ತಾರೆ. ನಾನು ಮಕ್ಕಳಿಂದ ಆ ಆಳ ನೋಡುವ ಹಗ್ಗವನ್ನೇ ಮಾಡಿಸಿದೆ. ದಾರದ ತುದಿಗೆ ಕಲ್ಲು, ಒಂದೊಂದು ಗೇಣಿಗೆ ಒಂದು ಗಂಟು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲ ಮೇಲಿಂದ ಇಳಿಸಿ, ಬೆರಳಲ್ಲಿ ಗಂಟು ಎಣಿಸಬೇಕು. ಒಂದು ಮೆಟ್ಟಿಲು ಇಳಿದು ಮತ್ತೆ ಎಣಿಸಬೇಕು. ಗಂಟು ಕಡಿಮೆಯಾಗುತ್ತಾ ಬಂದ ಹಾಗೆ ಅವರ ದನಿಯೇ ಬದಲಾಯಿತು. ಇಂಥ ಹೊತ್ತಿನಲ್ಲಿ ಪೌಲ ಎಲ್ಲರಿಗೂ ಧೈರ್ಯ ಹೇಳಿ, ರೊಟ್ಟಿ ತೆಗೆದುಕೊಂಡು, ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿ ಊಟ ಮಾಡಿದ ಅಂತ ಓದಿದಾಗ ಅದರ ತೂಕ ಅವರಿಗೆ ತಟ್ಟಿತು.

ಇನ್ನೊಂದು ಮಾತು, ಇದನ್ನು ತುಂಬಾ ಕಾಳಜಿಯಿಂದ ಹೇಳುತ್ತಿದ್ದೇನೆ. ಕೆಲವು ವಿಷಯ ಆಟದ ವಸ್ತು ಆಗಬಾರದು. ಶಿಲುಬೆಯ ಪಾಠದ ದಿನ ಮಿನುಗುವ ಪುಡಿ ಉದುರಿಸಿದ ಶಿಲುಬೆ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಆ ದಿನ ಕೈ ಸುಮ್ಮನಿರಲಿ. ಓದಿ, ಮೌನವಾಗಿ ಕೂತು, ಪ್ರಾರ್ಥಿಸಿ ಕಳಿಸಿ. ಪುನರುತ್ಥಾನದ ವಾರ ಬೇಕಾದರೆ ಜೇಡಿಮಣ್ಣಿನ ಗವಿ ಮಾಡಿಸಿ, ಮಕ್ಕಳು ಕಲ್ಲನ್ನು ಉರುಳಿಸಿ ಒಳಗೆ ಇಣುಕಲಿ. ಒಳಗೆ ಮಡಿಸಿಟ್ಟ ಒಂದು ಬಟ್ಟೆ ಚೂರು ಇದ್ದರೆ ಸಾಕು. ಯೋಹಾನ 20ರಲ್ಲಿ ಆ ವಿವರ ಇದೆ.

ಹೊಸ ಟೀಚರ್ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕು ದಾರದ ಹಾಸಿಗೆಯನ್ನು ಈ ವಾರವೇ ಮಾಡಿಸುತ್ತೇನೆ. ಆದರೆ ಒಂದು ತೊಡಕು ಇನ್ನೂ ಉಳಿದಿದೆ. ಹೇಳಿದ್ದೆಲ್ಲ ಒಂದೊಂದು ವಯಸ್ಸಿನವರಿಗೆ ಹೊಂದುತ್ತದೆ. ನನ್ನ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಇದ್ದಾರೆ. ದೊಡ್ಡವರು ಬೇಗ ಮುಗಿಸಿ ಗಲಾಟೆ ಮಾಡುತ್ತಾರೆ, ಚಿಕ್ಕವರು ಅರ್ಧದಲ್ಲೇ ಸೋಲುತ್ತಾರೆ. ಎಲ್ಲರೂ ಸೇರಿ ಮಾಡುವಂಥದ್ದು ಏನಾದರೂ ಇದೆಯಾ? ಮುಂದಿನ ತಿಂಗಳು ನೆಹೆಮೀಯನ ಪಾಠ ಇದೆ, ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದವನ ಕಥೆ. ಅದಕ್ಕೆ ಏನೂ ಹೊಳೆಯುತ್ತಿಲ್ಲ.

ರಟ್ಟು-ದಾರ ಬರೆದದ್ದು:

ನೆಹೆಮೀಯ! ನಿಮ್ಮ ತರಗತಿಗೆ ಇದಕ್ಕಿಂತ ಹೊಂದುವ ಪಾಠ ಸಿಗುವುದಿಲ್ಲ. ಎಲ್ಲ ವಯಸ್ಸಿನವರೂ ಒಂದೇ ಕೆಲಸಕ್ಕೆ ಕೈ ಹಾಕಿದ ಕಥೆಯೇ ಅದು.

3ನೇ ಅಧ್ಯಾಯವನ್ನು ನಾವು ಬರೀ ಹೆಸರುಗಳ ಪಟ್ಟಿ ಅಂತ ಹಾರಿಸಿಬಿಡುತ್ತೇವೆ. ನಿಧಾನವಾಗಿ ಓದಿ ನೋಡಿ. ಯೆರೂಸಲೇಮಿನ ಗೋಡೆ ಕಟ್ಟಿದವರಲ್ಲಿ ಅಕ್ಕಸಾಲಿಗ ಇದ್ದಾನೆ, ಸುಗಂಧ ದ್ರವ್ಯ ಮಾಡುವವನು ಇದ್ದಾನೆ. ಶಲ್ಲೂಮ ಅನ್ನುವವನು ತನ್ನ ಹೆಣ್ಣುಮಕ್ಕಳ ಜೊತೆ ಕಟ್ಟಿದ. ಹಲವರು ತಂತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ಗೋಡೆ ಕಟ್ಟುವುದು ಇವರ ಕಸುಬಲ್ಲ. ಆದರೂ 52 ದಿನದಲ್ಲಿ ಗೋಡೆ ಮುಗಿಯಿತು.

ಹೀಗೆ ಮಾಡಿ. ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿ ಊರಿನ ಸುತ್ತಳತೆ ಬರೆಯಿರಿ. ಅದರೊಳಗೆ ಪ್ರತಿ ಮಗುವೂ ಒಂದು ಪುಟ್ಟ ಕಾಗದದ ಮನೆ ಮಡಿಸಿ, ಹೆಸರು ಬರೆದು ಇಡಲಿ. ತನ್ನ ಮನೆಯ ಎದುರಿನ ಗೋಡೆ ಆ ಮಗುವಿನ ಪಾಲು. ಚಿಕ್ಕವರು ಕಲ್ಲು ಮಾಡುತ್ತಾರೆ, ಅಂದ್ರೆ ಹಳೆ ಕಾಗದ ಮುದ್ದೆ ಮಾಡಿ ಚೌಕಾಕಾರಕ್ಕೆ ಒತ್ತುತ್ತಾರೆ. ನಡುವಿನವರು ಜೋಡಿಸುತ್ತಾರೆ. ದೊಡ್ಡವರಿಗೆ ಬಾಗಿಲುಗಳನ್ನು ಒಪ್ಪಿಸಿ. ಕುರಿ ಬಾಗಿಲು, ಮೀನು ಬಾಗಿಲು, ಬುಗ್ಗೆ ಬಾಗಿಲು ಎಲ್ಲ ಅದೇ ಅಧ್ಯಾಯದಲ್ಲಿದೆ. ರಟ್ಟಿನಲ್ಲಿ ಕತ್ತರಿಸಿ, ತೆರೆದು ಮುಚ್ಚುವ ಹಾಗೆ ಕೂರಿಸಬೇಕು. ಅದು ಬೇಗ ಮುಗಿಯುವ ಕೆಲಸವಲ್ಲ, ಆದ್ದರಿಂದ ಗಲಾಟೆಗೆ ಪುರುಸೊತ್ತೂ ಇರುವುದಿಲ್ಲ.

ಗೋಡೆ ಅರ್ಧ ಎದ್ದಾಗ ಕೆಲಸ ನಿಲ್ಲಿಸಿ 4ನೇ ಅಧ್ಯಾಯ ಓದಿ. ಈ ಕೆಲಸಕ್ಕೆ ವಿರೋಧವಾಗಿದ್ದ ತೋಬೀಯ ಗೇಲಿ ಮಾಡುತ್ತಾನೆ, ಒಂದು ನರಿ ಹತ್ತಿದರೂ ಈ ಗೋಡೆ ಬಿದ್ದುಹೋದೀತು ಅಂತ. ಇದಕ್ಕಾಗಿ ಒಂದು ಬಟ್ಟೆಯ ನರಿಯನ್ನು ಇಟ್ಟುಕೊಂಡಿರಿ. ಗೋಡೆಯ ಮೇಲೆ ಓಡಿಸಿ ನೋಡಿ. ಸರಿಯಾಗಿ ಜೋಡಿಸದ ಕಡೆ ನಿಜವಾಗಿಯೂ ಬೀಳುತ್ತದೆ. ಮಕ್ಕಳು ಹೌಹಾರಿ ಓಡಿ ಬಂದು ಗಟ್ಟಿ ಮಾಡುತ್ತಾರೆ. ಪಕ್ಕದವರ ಭಾಗವನ್ನೂ ಗಟ್ಟಿ ಮಾಡುತ್ತಾರೆ, ಯಾಕಂದ್ರೆ ಅದು ಬಿದ್ದರೆ ತಮ್ಮದೂ ಬೀಳುತ್ತದೆ.

ಆಮೇಲೆ 17ನೇ ವಚನ. ಕಟ್ಟುವವರು ಒಂದು ಕೈಯಲ್ಲಿ ಕೆಲಸ ಮಾಡುತ್ತಾ ಇನ್ನೊಂದು ಕೈಯಲ್ಲಿ ಆಯುಧ ಹಿಡಿದಿದ್ದರು. ಎಲ್ಲರ ಎಡಗೈಗೂ ಒಂದು ಪೆನ್ಸಿಲ್ ಕೊಡಿ. ಅದನ್ನು ಕೆಳಗೆ ಇಡುವ ಹಾಗಿಲ್ಲ. ಇನ್ನು ಮುಂದಿನ ಗೋಡೆ ಪೂರ್ತಿ ಒಂದೇ ಕೈಯಲ್ಲಿ. ಈಗ ನೋಡಿ, ಒಂದೇ ಕೈಯಲ್ಲಿ ಅಂಟಿನ ಡಬ್ಬಿಯ ಮುಚ್ಚಳ ತೆಗೆಯಲು ಆಗುವುದಿಲ್ಲ. 11 ವರ್ಷದವಳು 4 ವರ್ಷದವನನ್ನು ಕರೆದು "ನೀನು ಡಬ್ಬಿ ಹಿಡಿ, ನಾನು ತಿರುಗಿಸುತ್ತೇನೆ" ಅನ್ನುತ್ತಾಳೆ. ಅಲ್ಲಿಯ ತನಕ ಚಿಕ್ಕವರು ಅಡ್ಡ ಬರುತ್ತಾರೆ ಅಂತ ಗೊಣಗುತ್ತಿದ್ದವಳು. ನಾನು ಈ ಪಾಠವನ್ನು ಇಷ್ಟಪಡುವುದು ಆ ಒಂದು ಗಳಿಗೆಗಾಗಿ. ಅದನ್ನು ಹೇಳಿಕೊಟ್ಟು ಮಾಡಿಸಲು ಆಗುವುದಿಲ್ಲ. ನೀವು ಜಾಗ ಮಾಡಿಕೊಟ್ಟರೆ ಅದಾಗಿಯೇ ಆಗುತ್ತದೆ.

ಒಂದೇ ವಾರದಲ್ಲಿ ಮುಗಿಸಬೇಕು ಅಂತ ಇಲ್ಲ. ಎರಡು ಮೂರು ವಾರ ಹಾಳೆಯನ್ನು ಹಾಗೇ ಎತ್ತಿಡಿ. ಯಾರಾದರೂ ಒಂದು ವಾರ ಬರದಿದ್ದರೆ ಅವರ ಮನೆಯ ಎದುರು ಗೋಡೆ ಖಾಲಿ ಕಾಣುತ್ತದೆ. ಮಕ್ಕಳೇ ಕೇಳುತ್ತಾರೆ, "ಅವನು ಯಾಕೆ ಬಂದಿಲ್ಲ?" ಅಂತ.

ನಿಮ್ಮ ಜೊತೆಗಿರುವ ಟೀಚರ್ ಅಂದ ಮಾತಿಗೆ ಒಂದು ಉತ್ತರ ಕೊಡಬೇಕು ಅನ್ನಿಸುತ್ತಿದೆ. ವಿಮೋಚನಕಾಂಡ 31ರಲ್ಲಿ ದೇವರು ತನ್ನ ಗುಡಾರದ ಕೆಲಸಕ್ಕೆ ಬೆಚಲೇಲ ಅನ್ನುವ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸಿದ. ಯಾವ ಕೆಲಸಕ್ಕೆ? ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ರತ್ನ ಕೆತ್ತುವುದು, ಮರ ಕೆತ್ತುವುದು. 35ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಸೇರುತ್ತದೆ. ಬೇರೆಯವರಿಗೆ ಕಲಿಸುವ ವರವನ್ನೂ ಅವನಿಗೆ ಕೊಟ್ಟ. ಕೈಕೆಲಸ, ಕಲಿಸುವುದು, ಎರಡನ್ನೂ ದೇವರೇ ಒಟ್ಟಿಗೆ ಕೊಟ್ಟಿದ್ದಾನೆ. ಪ್ರೀತಿಯಿಂದಲೇ ಅವರಿಗೆ ಇದನ್ನು ಓದಿ ತೋರಿಸಿ.

ಹೊಸ ಟೀಚರ್ ಬರೆದದ್ದು:

ಓದುತ್ತಾ ಇದ್ದ ಹಾಗೆ 3ನೇ ಅಧ್ಯಾಯ ತೆಗೆದು ಕೂತೆ. ಇನ್ನೊಂದೇ ಸಣ್ಣ ಪ್ರಶ್ನೆ. ಕಾಗದದ ಮುದ್ದೆ ಮೆತ್ತಗೆ ಇರುತ್ತದೆ, ಜೋಡಿಸಿದರೆ ನಿಲ್ಲುತ್ತದಾ? ಅಥವಾ ಬೆಂಕಿಪೆಟ್ಟಿಗೆಯ ಖಾಲಿ ಡಬ್ಬ ಒಳ್ಳೆಯದಾ?

ರಟ್ಟು-ದಾರ ಬರೆದದ್ದು:

ಡಬ್ಬ ಗಟ್ಟಿ, ಆದರೆ ಅದರಲ್ಲಿ ಚಿಕ್ಕವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಮುದ್ದೆಯನ್ನೇ ಮಾಡಿಸಿ. ಕಾಗದವನ್ನು ತೆಳ್ಳಗಿನ ಅಂಟುನೀರಿನಲ್ಲಿ ಅದ್ದಿ, ಹಿಂಡಿ, ಚೌಕಾಕಾರಕ್ಕೆ ಒತ್ತಿ ಒಂದು ವಾರ ಗಾಳಿಯಲ್ಲಿ ಒಣಗಲು ಬಿಟ್ಟರೆ ಚೆನ್ನಾಗಿ ಗಟ್ಟಿಯಾಗುತ್ತದೆ. ಅಂದರೆ ಕಲ್ಲು ಮಾಡುವ ಕೆಲಸ ಮೊದಲ ವಾರಕ್ಕೆ, ಗೋಡೆ ಎರಡನೇ ವಾರಕ್ಕೆ. ಬೇಕು ಅನ್ನಿಸಿದ್ದಕ್ಕಿಂತ ಎರಡು ಪಟ್ಟು ಕಲ್ಲು ಮಾಡಿಸಿಡಿ. ನರಿ ಓಡಿದ ಮೇಲೆ ಎಲ್ಲರೂ ಗೋಡೆಯನ್ನು ದಪ್ಪ ಮಾಡಲು ಹೊರಡುತ್ತಾರೆ, ಆಗ ಸಾಲದೇ ಹೋಗುತ್ತದೆ. ಒಣಗುವಾಗ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿಡಿ, ಇಲ್ಲದಿದ್ದರೆ ಮೇಜಿಗೇ ಅಂಟಿಕೊಳ್ಳುತ್ತದೆ.